ಮಿಲಾನಿನ ಬೋವಿಸಾ ಸ್ಟೇಷನ್ ಬಗ್ಗೆ ಗೊತ್ತಿರುವವರು ಹೇಳಿ: ಮನೆ ಎಲ್ಲಿ ಮಾಡಲಿ?

ತುಂಗಾತೀರ · ಜುಲೈ 8

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಸೆಪ್ಟೆಂಬರಿನಲ್ಲಿ ಮಿಲಾನಿನ ಪೊಲಿಟೆಕ್ನಿಕೊದಲ್ಲಿ ಎನರ್ಜಿ ಎಂಜಿನಿಯರಿಂಗ್ ಓದಲು ಹೊರಟಿದ್ದೇನೆ. ಕ್ಲಾಸುಗಳೆಲ್ಲ ಬೋವಿಸಾ ಕ್ಯಾಂಪಸ್ಸಿನಲ್ಲಿ ಅಂತ ಬಂದಿದೆ. ಅಲ್ಲಿನ ಸ್ಟೇಷನ್ ಹೆಸರೇ 'ಮಿಲಾನೊ ಬೋವಿಸಾ ಪೊಲಿಟೆಕ್ನಿಕೊ'. ಕ್ಯಾಂಪಸ್ ಪಕ್ಕದಲ್ಲೇ ರೂಮು ಮಾಡು ಅಂತ ಅಪ್ಪ ಹೇಳುತ್ತಾರೆ. ಬಾಡಿಗೆ ನೋಡಿದರೆ ಕೈಗೆಟುಕುವಂತಿಲ್ಲ. ಸ್ವಲ್ಪ ದೂರ ಹೋದರೆ ಕಡಿಮೆ ಇದೆ, ಆದರೆ ದಿನಾ ರೈಲು ಹಿಡಿಯಬೇಕು. ಮ್ಯಾಪಿನಲ್ಲಿ ಆ ಸ್ಟೇಷನ್ನಿಗೆ ಎಸ್1, ಎಸ್2, ಎಸ್3, ಎಸ್4, ಇನ್ನೂ ಏನೇನೋ ಬರುತ್ತವೆ. ಒಂದೂ ಅರ್ಥವಾಗಲಿಲ್ಲ. ನಮ್ಮೂರಿನಲ್ಲಿ ರೈಲು ಅಂದರೆ ಬೆಂಗಳೂರಿಗೆ ಹೋಗುವಾಗ ಹತ್ತುವುದು ಅಷ್ಟೇ. ಅಲ್ಲಿ ಇದ್ದವರು ಯಾರಾದರೂ ಬಿಡಿಸಿ ಹೇಳುತ್ತೀರಾ?

ನೊವಾತೆ ನಿವಾಸಿ · ಜುಲೈ 8

ಬನ್ನಿ ಬನ್ನಿ. ನಾನು ಅದೇ ಕ್ಯಾಂಪಸ್ಸಿನಲ್ಲಿ ಓದಿ, ಈಗ ಇಲ್ಲೇ ಕೆಲಸ ಮಾಡುತ್ತಿದ್ದೇನೆ. ಹೆಸರೇ ಹೇಳುವ ಹಾಗೆ ಇರುವುದು ನೊವಾತೆ ಮಿಲಾನೇಸೆಯಲ್ಲಿ, ಬೋವಿಸಾದಿಂದ ಎರಡನೇ ಸ್ಟೇಷನ್. ಮಧ್ಯೆ ಕ್ವಾರ್ತೊ ಒಜ್ಜಾರೊ ಒಂದೇ.

ಮೊದಲು ಒಂದು ಮಾತು. ಇಲ್ಲಿ ಮನೆ ಹುಡುಕುವಾಗ ಕಿಲೋಮೀಟರ್ ನೋಡಬೇಡಿ. ಯಾವ ರೈಲು ಮನೆ ಹತ್ತಿರ ನಿಲ್ಲುತ್ತದೆ, ಗಂಟೆಗೆ ಎಷ್ಟು ಸಲ ನಿಲ್ಲುತ್ತದೆ ಅಂತ ನೋಡಿ. ಮ್ಯಾಪಿನಲ್ಲಿ ಹತ್ತಿರ ಕಾಣುವ ಎಷ್ಟೋ ಮನೆಗಳಿಂದ ಎರಡು ಬಸ್ಸು ಬದಲಿಸಿ ಬರಬೇಕು. ದೂರ ಕಾಣುವ ನೊವಾತೆಯಿಂದ ನಾನು ಒಂದೇ ರೈಲಿನಲ್ಲಿ ಬಂದು ಇಳಿಯುತ್ತಿದ್ದೆ.

ಈಗ ಆ ಎಸ್ ನಂಬರುಗಳು. ಎಸ್ ಅಂದರೆ ಊರಿನ ಸುತ್ತ ಓಡುವ ಉಪನಗರ ರೈಲು. ನನಗೆ ಇದು ತಿಳಿಯಲು ಎರಡು ತಿಂಗಳು ಬೇಕಾಯಿತು, ನಿಮಗೆ ಎರಡು ನಿಮಿಷ ಸಾಕು. ಕಾಗದದ ಮೇಲೆ ಒಂದು ದೊಡ್ಡ ಇಂಟು ಗುರುತು ಹಾಕಿ. ನಡುವಿನ ಚುಕ್ಕೆಯೇ ಬೋವಿಸಾ. ಮೇಲೆ ಎರಡು ಕೈ: ಒಂದು ಸಾರೊನ್ನೊ ಕಡೆಗೆ, ಇನ್ನೊಂದು ಸೆವೆಸೊ ಕಡೆಗೆ. ಕೆಳಗೆ ಎರಡು ಕಾಲು: ಒಂದು ಕಾದೋರ್ನಾ ಟರ್ಮಿನಸ್ಸಿಗೆ, ಇನ್ನೊಂದು ನೆಲದೊಳಗೆ ಇಳಿದು ಊರಿನ ಅಡಿಯಲ್ಲೇ ಆಚೆ ದಾಟುವ ಸುರಂಗಕ್ಕೆ. ಆ ಸುರಂಗಕ್ಕೆ ಇಲ್ಲಿನವರು 'ಪಸ್ಸಾಂತೆ' ಅನ್ನುತ್ತಾರೆ.

ಎಸ್1 ಸಾರೊನ್ನೊದಿಂದ ಬಂದು ಸುರಂಗಕ್ಕೆ ಹೋಗುತ್ತದೆ. ಎಸ್2 ಸೆವೆಸೊ ಕಡೆಯಿಂದ ಬಂದು ಸುರಂಗಕ್ಕೆ. ಎಸ್3 ಸಾರೊನ್ನೊದಿಂದ ಕಾದೋರ್ನಾಗೆ. ಎಸ್4 ಸೆವೆಸೊ ಕಡೆಯಿಂದ ಕಾದೋರ್ನಾಗೆ. ಅಂದರೆ ಈ ನಾಲ್ಕರಲ್ಲಿ ಬೆಸ ಸಂಖ್ಯೆ ಸಾರೊನ್ನೊ ಕಡೆ, ಸರಿ ಸಂಖ್ಯೆ ಸೆವೆಸೊ ಕಡೆ. ಒಂದು ಎರಡು ನೆಲದಡಿಗೆ, ಮೂರು ನಾಲ್ಕು ಕಾದೋರ್ನಾಗೆ. ಇಷ್ಟು ತಲೆಯಲ್ಲಿದ್ದರೆ ಬೋವಿಸಾ ನಿಮ್ಮದು.

ಪ್ರತಿ ಎಸ್ ರೈಲು ಸಾಮಾನ್ಯವಾಗಿ ಅರ್ಧ ಗಂಟೆಗೊಂದು. ಅರ್ಧ ಗಂಟೆ ಅಂದರೆ ಜಾಸ್ತಿ ಅನ್ನಿಸುತ್ತದೆ. ಆದರೆ ನೊವಾತೆಯಲ್ಲಿ ಎಸ್1, ಎಸ್3 ಎರಡೂ ನಿಲ್ಲುತ್ತವೆ, ಎರಡೂ ಬೋವಿಸಾಗೆ ಬರುತ್ತವೆ. ಹಾಗಾಗಿ ಗಂಟೆಗೆ ನಾಲ್ಕು. ಇನ್ನೊಂದು ವಿಷಯ: ನೊವಾತೆ ಟಿಕೆಟ್ ಲೆಕ್ಕದಲ್ಲಿ ಮಿಲಾನ್ ಊರಿನ ವಲಯದೊಳಗೇ ಬರುತ್ತದೆ. ಎಂಐ1 ರಿಂದ ಎಂಐ3 ವರೆಗಿನ ವಲಯಗಳ ಟಿಕೆಟ್ 2.20 ಯೂರೋ, 90 ನಿಮಿಷ ಓಡಾಡಬಹುದು, ಮೆಟ್ರೋ, ಟ್ರಾಮ್, ಬಸ್ಸು, ಈ ಎಸ್ ರೈಲು ಎಲ್ಲಕ್ಕೂ ಅದೇ. 27 ವರ್ಷದೊಳಗಿನವರಿಗೆ ತಿಂಗಳ ಪಾಸು 22 ಯೂರೋ. ಇದಕ್ಕಿಂತ ಆಚೆಯ ಬೊಲ್ಲಾತೆ, ಗಾರ್ಬಾನ್ಯಾತೆಗೆ ಹೋದರೆ ವಲಯ ಬದಲಾಗಿ ದರ ಏರುತ್ತದೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ಪಾಸಿಗೆ ಕೊಡಬಾರದು ಅಲ್ವಾ? ಎರಡನ್ನೂ ಕೂಡಿಸಿ ನೋಡಿ.

ದಾದರ್ ಕನ್ನಡಿಗ · ಜುಲೈ 9

ನಾನು ಮುಂಬಯಿಯಲ್ಲೇ ಹುಟ್ಟಿ ಬೆಳೆದ ಕನ್ನಡಿಗ. ನಲವತ್ತು ವರ್ಷ ಲೋಕಲ್ ಹಿಡಿದವನು. ಮಗಳ ಮನೆಗೆ ಮಿಲಾನಿಗೆ ಹೋದಾಗ ಬೋವಿಸಾದಲ್ಲಿ ಇಳಿದ ತಕ್ಷಣ ನನಗೆ ದಾದರ್ ನೆನಪಾಯಿತು. ವೆಸ್ಟರ್ನ್ ಮತ್ತು ಸೆಂಟ್ರಲ್ ಕೂಡುವ ಹಾಗೆ ಇಲ್ಲಿ ಎರಡು ಹಳೆಯ ಮಾರ್ಗಗಳು ಕೂಡುತ್ತವೆ. ಸ್ಟೇಷನ್ ಕಟ್ಟಡ ಹಳಿಗಳ ಮೇಲೆ ಸೇತುವೆಯ ಹಾಗೆ ಅಡ್ಡಲಾಗಿ ನಿಂತಿದೆ. ಮೇಲಿನಿಂದ ಮೆಟ್ಟಿಲಿಳಿದು ಪ್ಲಾಟ್‌ಫಾರಂಗೆ ಹೋಗಬೇಕು. ನಾನು ಆ ಸೇತುವೆಯ ಮೇಲೆ ನಿಂತು ಒಂದು ಗಂಟೆ ರೈಲು ನೋಡಿದ್ದೇನೆ. ಅಳಿಯ ಕಾಯುತ್ತಾ ನಿಂತಿದ್ದ, ಪಾಪ.

ಈ ಮಾರ್ಗಗಳ ಕತೆ ಕೇಳಲೇಬೇಕಾದದ್ದು. ಇದು ಇಟಲಿ ಸರ್ಕಾರದ ರೈಲ್ವೆ ಹಾಕಿದ ಹಳಿ ಅಲ್ಲ. 1877ರಲ್ಲಿ ಖಾಸಗಿ ಕಂಪನಿಯೊಂದು ಹುಟ್ಟಿತು, ಹಿಂದೆ ನಿಂತವರು ಆಲ್ಬರ್ಟ್ ವೋಕಾಂ ಅನ್ನುವ ಬೆಲ್ಜಿಯಂನವರು. 1879ರ ಮಾರ್ಚಿನಲ್ಲಿ ಮಿಲಾನ್-ಸಾರೊನ್ನೊ ಮಾರ್ಗ ತೆರೆಯಿತು. ಅದೇ ವರ್ಷದ ಕೊನೆಯ ದಿನ ಎರ್ಬಾ ಕಡೆಯದು, ಅಂದರೆ ಸೆವೆಸೊ ಮೂಲಕ ಹೋಗುವುದು. ಎರಡೂ ಕವಲೊಡೆಯುವ ಜಾಗ ಬೋವಿಸಾ. ಇವತ್ತಿಗೂ ಈ ಜಾಲಕ್ಕೆ ಫೆರೊವಿಯೆನೋರ್ದ್ ಅಂತ ಬೇರೆಯೇ ಹೆಸರು. ಹಳೆಯ ಮಿಲಾನಿಗರು ಸುಮ್ನೆ 'ಲೆ ನೋರ್ದ್' ಅನ್ನುತ್ತಾರೆ, ನಾವು 'ಸೆಂಟ್ರಲ್' ಅಂದ ಹಾಗೆ.

ತಂಗಿ, ಒಂದು ಧೈರ್ಯದ ಮಾತು. ಅಲ್ಲಿ ರಸ್ತೆಯಲ್ಲಿ ಗಾಡಿಗಳು ಬಲಕ್ಕೆ ಓಡುತ್ತವೆ, ರೈಲು ಮಾತ್ರ ನಮ್ಮ ಹಾಗೆ ಎಡಕ್ಕೇ. ರೈಲು ಯಾವ ಕಡೆಯಿಂದ ಬರುತ್ತದೆ ಅನ್ನುವುದು ನಿನ್ನ ಕಣ್ಣಿಗೆ ಮೊದಲೇ ಅಭ್ಯಾಸ ಇರುತ್ತದೆ.

ತುಂಗಾತೀರ · ಜುಲೈ 9

ಅಕ್ಕ ಅನ್ನಬಹುದಾ ನೊವಾತೆ ನಿವಾಸಿಯವರನ್ನು? ಇಂಟು ಗುರುತು ಬರೆದು ಗೋಡೆಗೆ ಅಂಟಿಸಿದ್ದೇನೆ. ಅಪ್ಪನಿಗೂ ತೋರಿಸಿದೆ. ಅಂಕಲ್, ನೀವು ಹೇಳಿದ ಸೇತುವೆ ಫೋಟೋದಲ್ಲಿ ನೋಡಿದೆ. ಬೋವಿಸಿಯೊ ಅನ್ನುವ ಸ್ಟೇಷನ್ ಕೂಡ ಕಾಣುತ್ತಿದೆ, ಅದೂ ಇದೂ ಒಂದೇನಾ? ಅಲ್ಲಿ ಒಂದು ರೂಮು ಕಡಿಮೆಗೆ ಇದೆ.

ಪುಟ್ಟಿಯ ಅಮ್ಮ · ಜುಲೈ 9

ಅಯ್ಯೋ, ಒಂದೇ ಅಲ್ಲ! ಬೋವಿಸಿಯೊ ಮಾಶಾಗೊ ಬೇರೆ ಊರು. ಸೆವೆಸೊ ಕಡೆಯ ಕೈಯಲ್ಲಿ, ಎಷ್ಟೋ ಸ್ಟೇಷನ್ ಆಚೆ. ನಾನು ಬಂದ ಮೊದಲ ವಾರ ಇದೇ ಹೆಸರಿನ ಗೊಂದಲದಲ್ಲಿ ಸಿಕ್ಕಿಕೊಂಡೆ. ಟಿಕೆಟ್ ಯಂತ್ರದಲ್ಲಿ 'ಬೋವಿ' ಅಂತ ಒತ್ತಿ, ಮೊದಲು ಬಂದ ಹೆಸರು ತೆಗೆದುಕೊಂಡೆ. ಕಂಕುಳಲ್ಲಿ ಏಳು ತಿಂಗಳ ಮಗು. ಎಲ್ಲಿಗೋ ಹೋಗಿ ಇಳಿದೆ. ಮಳೆ ಬೇರೆ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ಒಂದು ಮಾತೂ ನಮ್ಮಿಬ್ಬರಿಗೆ ಹೊಂದಲಿಲ್ಲ. ಆದರೂ ನನ್ನ ಕೈ ಹಿಡಿದು ಎದುರು ಪ್ಲಾಟ್‌ಫಾರಂಗೆ ಕರೆದೊಯ್ದು, ರೈಲು ಬರುವ ತನಕ ಛತ್ರಿ ಹಿಡಿದು ನಿಂತರು. ಅವರನ್ನು ಮತ್ತೆ ನೋಡಲೇ ಇಲ್ಲ.

ಈಗ ನಾವು ಸಾರೊನ್ನೊದಲ್ಲಿದ್ದೇವೆ. ಅಮರೆತ್ತಿ ಬಿಸ್ಕತ್ತಿಗೆ ಹೆಸರಾದ ಊರು. ಕಹಿ ಸಿಹಿ ಎರಡೂ ಇರುವ, ಬಾದಾಮಿ ರುಚಿಯ ಚಿಕ್ಕ ಚಿಕ್ಕ ಬಿಸ್ಕತ್ತು, ನಮ್ಮ ಕಾಫಿಗೆ ಚೆನ್ನಾಗಿ ಹೊಂದುತ್ತದೆ. ವಿಮಾನ ನಿಲ್ದಾಣದ ರೈಲು ಇಲ್ಲೂ ನಿಲ್ಲುತ್ತದೆ, ಬೋವಿಸಾದಲ್ಲೂ ನಿಲ್ಲುತ್ತದೆ. ನೀವು ಮಲ್ಪೆನ್ಸಾದಲ್ಲಿ ಇಳಿದು ನೊವಾತೆಗೆ ಹೋಗುವುದಾದರೆ ಊರೊಳಗೆ ಹೋಗಿ ವಾಪಸ್ ಬರಬೇಕಿಲ್ಲ. ಸಾರೊನ್ನೊದಲ್ಲಿ ಇಳಿದು ಎಸ್1 ಅಥವಾ ಎಸ್3 ಹತ್ತಿ. ಆ ರೈಲುಗಳು ಇಲ್ಲಿಂದಲೇ ಹೊರಡುವುದರಿಂದ ಎರಡು ದೊಡ್ಡ ಸೂಟ್‌ಕೇಸ್ ಇಟ್ಟುಕೊಳ್ಳಲು ಜಾಗ ಸಿಗುತ್ತದೆ.

ತಳ್ಳುಗಾಡಿಯ ಅಮ್ಮಂದಿರಿಗೂ ಒಂದು ಮಾತು. ಹೊರಡುವ ಮೊದಲು ಲಿಫ್ಟ್ ನಡೆಯುತ್ತಿದೆಯಾ ಅಂತ ಕೇಳಿಕೊಳ್ಳಿ. ಒಂದು ಸ್ಟೇಷನ್ನಿನಲ್ಲಿ ವಾರಗಟ್ಟಲೆ ಕೆಟ್ಟು ನಿಂತಿತ್ತು, ನಾನು ಪ್ರತಿ ಸಲ ಯಾರಾದರೂ ಗಾಡಿಯ ಇನ್ನೊಂದು ತುದಿ ಹಿಡಿಯಲಿ ಅಂತ ಕಾಯುತ್ತಿದ್ದೆ.

ಬಣ್ಣದ ಪೆನ್ಸಿಲ್ · ಜುಲೈ 10

ನಾನು ಡಿಸೈನ್ ವಿದ್ಯಾರ್ಥಿ. ನೊವಾತೆ ಅಕ್ಕನ ಮಾತು ಪೂರ್ತಿ ಒಪ್ಪಲಾರೆ. ಬೋವಿಸಾದಲ್ಲಿ ಎರಡು ಕ್ಯಾಂಪಸ್ ಇವೆ. ದುರಾಂದೊ ರಸ್ತೆಯದು ಡಿಸೈನಿನವರದ್ದು. ಲಾ ಮಾಸಾ ರಸ್ತೆಯದು ಎಂಜಿನಿಯರಿಂಗಿನವರದ್ದು. ನಾವು ಮಾಡೆಲ್ ಮಾಡುವವರು. ಮೊಣಕೈ ಅಗಲದ ರಟ್ಟಿನ ಮನೆಯನ್ನು ಬೆಳಗಿನ ಎಂಟು ಗಂಟೆಯ ರೈಲಿನಲ್ಲಿ ಒಮ್ಮೆ ಹಿಡಿದು ನಿಂತು ನೋಡಿ. ಮೂರು ರಾತ್ರಿಯ ಕೆಲಸ ಬಾಗಿಲ ಹತ್ತಿರ ಮುರಿದುಹೋಯಿತು. ಅವತ್ತೇ ಮೌಲ್ಯಮಾಪನ. ಆಮೇಲೆ ನಾನು ದೆರ್ಗಾನೊದಲ್ಲಿ ರೂಮು ಹಿಡಿದೆ. ಹಳದಿ ಮೆಟ್ರೋ ಇದೆ, ಕ್ಯಾಂಪಸ್ಸಿಗೆ ನಡೆದೇ ಹೋಗುತ್ತೇನೆ. ಬಾಡಿಗೆ ಜಾಸ್ತಿ, ಹೌದು. ಆದರೆ ನನಗೆ ಬೇರೆ ದಾರಿ ಇರಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಬೋವಿಸಾ ಬರೀ ರೈಲು ಬದಲಿಸುವ ಜಾಗ ಅಲ್ಲ. ಸೇತುವೆಯಿಂದ ಪಶ್ಚಿಮಕ್ಕೆ ನೋಡಿದರೆ ಎರಡು ದೊಡ್ಡ ಕಬ್ಬಿಣದ ಪಂಜರ ಕಾಣುತ್ತವೆ. ಅವು ಹಳೆಯ ಗ್ಯಾಸ್ ಟ್ಯಾಂಕುಗಳು. ಊರಿನ ದೀಪಕ್ಕೂ ಒಲೆಗೂ ಗ್ಯಾಸು ಇಲ್ಲಿಂದ ಹೋಗುತ್ತಿತ್ತು. ಕಾರ್ಖಾನೆ 1994ರಲ್ಲಿ ನಿಂತಿತು. ಸುತ್ತ ಹಳಿಗಳು ಸುತ್ತುವರಿದು ಆ ಜಾಗ ಮೇಲಿನಿಂದ ನೀರಿನ ಹನಿಯ ಆಕಾರದಲ್ಲಿ ಕಾಣುತ್ತದೆ. ಅದಕ್ಕೇ 'ಗೋಚ್ಚಾ', ಅಂದರೆ ಹನಿ, ಅಂತ ಹೆಸರು. ಜನ ಕಾಲಿಡದೆ ಬಿಟ್ಟ ವರ್ಷಗಳಲ್ಲಿ ಅಲ್ಲಿ ತಾನಾಗಿಯೇ ಕಾಡು ಬೆಳೆಯಿತು. ಮಣ್ಣಿನಲ್ಲಿ ಕಾರ್ಖಾನೆಯ ವಿಷ ಇದ್ದರೂ ಮರ ಬಂದವು. ಈಗ ಟ್ಯಾಂಕುಗಳ ಸುತ್ತ ಪೊಲಿಟೆಕ್ನಿಕೊದ ಹೊಸ ಕ್ಯಾಂಪಸ್ ಬರುತ್ತಿದೆ, ವಿನ್ಯಾಸ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅವರದ್ದು. ಮರ ಉಳಿಸಿ ಅಂತ ಅಕ್ಕಪಕ್ಕದ ಜನ ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ನಾನು ಹೊಸ ಕಟ್ಟಡವನ್ನೂ ಕಾಯುತ್ತಿದ್ದೇನೆ, ಆ ಮರಗಳೂ ಉಳಿಯಬೇಕು ಅಂತಲೂ ಬಯಸುತ್ತೇನೆ.

ನೊವಾತೆ ನಿವಾಸಿ · ಜುಲೈ 10

ಮಾಡೆಲ್ ವಿಷಯ ನನಗೆ ಹೊಳೆದಿರಲಿಲ್ಲ. ಡಿಸೈನಿನವರಿಗೆ ನೀವು ಹೇಳಿದ್ದೇ ಸರಿ. ಎನರ್ಜಿಯವರಿಗೆ ಹೊರಲು ಲ್ಯಾಪ್‌ಟಾಪ್ ಒಂದೇ, ಹಾಗಾಗಿ ಈ ತಂಗಿಗೆ ನನ್ನ ಸಲಹೆ ಬದಲಾಗುವುದಿಲ್ಲ.

ಲಾ ಮಾಸಾ ಕಡೆಯವರಿಗೆ ಇನ್ನೊಂದು ಸ್ಟೇಷನ್ನೂ ಹತ್ತಿರ: ವಿಲ್ಲಾಪಿತ್ಸೋನೆ. ಅದು ಬೇರೆ ಮಾರ್ಗ, ಎಸ್5, ಎಸ್6 ಅಲ್ಲಿ ನಿಲ್ಲುತ್ತವೆ. ಆ ಮಾರ್ಗದಲ್ಲಿ ಮನೆ ಸಿಕ್ಕರೂ ಬಿಡಬೇಡಿ. ಬೋವಿಸಾ ಹೆಸರು ಹಾಕಿ ಹುಡುಕಿದರೆ ಆ ಮನೆಗಳು ಕಾಣುವುದೇ ಇಲ್ಲ.

ಹಾಗೇ, ಪೊಲಿಟೆಕ್ನಿಕೊ ಅಂದ ತಕ್ಷಣ ಎಲ್ಲರೂ ಪಿಯೋಲಾ ಹತ್ತಿರ ಮನೆ ತೋರಿಸುತ್ತಾರೆ. ಅದು ಲಿಯೊನಾರ್ದೊ ಕ್ಯಾಂಪಸ್, ಊರಿನ ಇನ್ನೊಂದು ಕಡೆ. ಬೋವಿಸಾದಿಂದ ಸುರಂಗದ ರೈಲಿನಲ್ಲಿ ಗರಿಬಾಲ್ದಿ ಸ್ಟೇಷನ್ನಿಗೆ ಹೋಗಿ, ಹಸಿರು ಮೆಟ್ರೋ ಹಿಡಿದು ಪಿಯೋಲಾದಲ್ಲಿ ಇಳಿಯಬೇಕು. ಆಗೊಮ್ಮೆ ಈಗೊಮ್ಮೆ ಹೋಗಲು ಪರವಾಗಿಲ್ಲ. ದಿನಾ ಬೇಡ.

ದಾವಣಗೆರೆ ತಂದೆ · ಜುಲೈ 11

ನನ್ನ ಮಗಳೂ ಇದೇ ವರ್ಷ ಹೊರಟಿದ್ದಾಳೆ. ಇಲ್ಲಿ ಬರೆದದ್ದೆಲ್ಲ ಎರಡೆರಡು ಸಲ ಓದಿದೆ, ತುಂಬಾ ಉಪಕಾರವಾಯಿತು. ನನ್ನ ಪ್ರಶ್ನೆ ಒಂದೇ. ಲ್ಯಾಬ್ ಮುಗಿಯುವಾಗ ರಾತ್ರಿಯಾದರೆ ಹೆಣ್ಣುಮಗಳು ಒಬ್ಬಳೇ ಆ ಸ್ಟೇಷನ್ನಿನಲ್ಲಿ ನಿಲ್ಲಬಹುದೇ? ಆಮೇಲೆ ಇಟಲಿಯಲ್ಲಿ ಮುಷ್ಕರ ಜಾಸ್ತಿ ಅಂತ ಕೇಳಿದ್ದೇನೆ.

ನೊವಾತೆ ನಿವಾಸಿ · ಜುಲೈ 11

ಸರ್, ನೇರವಾಗಿ ಹೇಳುತ್ತೇನೆ. ಹಗಲಲ್ಲಿ ಬೋವಿಸಾ ತುಂಬ ವಿದ್ಯಾರ್ಥಿಗಳೇ. ರಾತ್ರಿ ಹತ್ತರ ಮೇಲೆ ಖಾಲಿಯಾಗುತ್ತದೆ. ನಾನು ಐದು ವರ್ಷ ಓಡಾಡಿದ್ದೇನೆ, ನನಗೆ ಕೆಟ್ಟದ್ದೇನೂ ಆಗಲಿಲ್ಲ. ಆದರೂ ನನ್ನ ಕೆಲವು ಅಭ್ಯಾಸಗಳಿದ್ದವು. ರೈಲು ಎಷ್ಟು ಹೊತ್ತಿಗೆ ಅಂತ ನೋಡಿಕೊಂಡೇ ಲ್ಯಾಬಿನಿಂದ ಹೊರಡುತ್ತಿದ್ದೆ, ಪ್ಲಾಟ್‌ಫಾರಂನಲ್ಲಿ ಕಾಯುವ ಹೊತ್ತು ಐದು ನಿಮಿಷ ದಾಟದ ಹಾಗೆ. ಜನ ಇರುವ ಬೋಗಿಗೇ ಹತ್ತುತ್ತಿದ್ದೆ. ಬಾಗಿಲ ಪಕ್ಕ ನಿಂತು ಫೋನ್ ಕೈಯಲ್ಲಿ ಹಿಡಿಯುತ್ತಿರಲಿಲ್ಲ, ಬಾಗಿಲು ಮುಚ್ಚುವ ಕ್ಷಣದಲ್ಲಿ ಕಿತ್ತುಕೊಂಡು ಇಳಿದು ಓಡುವವರು ಇರುತ್ತಾರೆ. ತುರ್ತಿಗೆ ನಂಬರ್ 112. ಮತ್ತೆ, ಮನೆ ಆರಿಸುವಾಗ ಸ್ಟೇಷನ್ನಿನಿಂದ ಮನೆಯ ದಾರಿಯನ್ನು ರಾತ್ರಿ ಹೊತ್ತು ಒಮ್ಮೆ ನಡೆದು ನೋಡಲಿ. ರೈಲಿಗಿಂತ ಆ ದಾರಿಯೇ ಮುಖ್ಯ.

ಮುಷ್ಕರಕ್ಕೆ ಇಲ್ಲಿ 'ಶೋಪೆರೊ' ಅನ್ನುತ್ತಾರೆ. ಮೊದಲೇ ತಿಳಿಸುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ರೈಲು ಓಡಿಸಲೇಬೇಕು ಅಂತ ನಿಯಮ ಇದೆ. ನಾವು ಅವತ್ತು ಬೇಗ ಬಂದು, ಲೈಬ್ರರಿಯಲ್ಲಿ ಕೂತು, ಸಂಜೆಯ ಹೊತ್ತಿಗೆ ಹೊರಡುತ್ತಿದ್ದೆವು. ಬುತ್ತಿ ಕಟ್ಟಿಕೊಂಡು ಬರುವ ದಿನ ಅದು.

ಹಳಿ ಮೇಲೆ · ಜುಲೈ 13

ಬೆಂಗಳೂರಿನಿಂದ ಬರೆಯುತ್ತಿದ್ದೇನೆ, ನಗರ ಸಾರಿಗೆಯಲ್ಲಿ ಕೆಲಸ. ನಮ್ಮಲ್ಲೂ ಉಪನಗರ ರೈಲು ಬರುತ್ತಿದೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ, ಸುಮಾರು 148 ಕಿಲೋಮೀಟರ್. ಹಾಗಾಗಿ ಈ ಇಂಟು ಗುರುತು ನನ್ನನ್ನು ತಡೆದು ನಿಲ್ಲಿಸಿತು. ಬೋವಿಸಾದಿಂದ ಸುರಂಗದ ಮೊದಲ ಭಾಗ ತೆರೆದದ್ದು 1997ರ ಡಿಸೆಂಬರಿನಲ್ಲಿ, ಪೋರ್ತಾ ವೆನೆತ್ಸಿಯಾ ತನಕ. ಎಸ್ ನಂಬರುಗಳು ಬಂದದ್ದು 2004ರ ಡಿಸೆಂಬರಿನಲ್ಲಿ. ಏಳು ವರ್ಷದ ಅಂತರ. ಅಲ್ಲಿ ಇರುವವರನ್ನು ಕೇಳುತ್ತೇನೆ, ನಿಮ್ಮ ದಿನ ಸುಲಭ ಮಾಡಿದ್ದು ಸುರಂಗವಾ, ನಂಬರಾ?

ದಾದರ್ ಕನ್ನಡಿಗ · ಜುಲೈ 13

ಒಳ್ಳೆಯ ಪ್ರಶ್ನೆ. ನನ್ನ ಮಗಳು ಹೇಳುವುದು ಕೇಳಿ: ಅವಳ ರೈಲು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಬರುತ್ತದೆ. 12 ಅಂದರೆ 7.12, 7.42, 8.12. ವೇಳಾಪಟ್ಟಿ ನೋಡುವುದನ್ನೇ ಬಿಟ್ಟಿದ್ದಾಳೆ. ಸುರಂಗ ಇಲ್ಲದಿದ್ದರೆ ಎಲ್ಲ ರೈಲೂ ಕಾದೋರ್ನಾ ಟರ್ಮಿನಸ್ಸಿನಲ್ಲೇ ನಿಂತು ಹಿಂದಿರುಗಬೇಕಿತ್ತು, ಅದು ನಿಜ. ಆದರೆ ನಂಬರೂ ನಿಮಿಷವೂ ಗಟ್ಟಿಯಾಗದೆ ಸುರಂಗ ಎಷ್ಟು ಉದ್ದ ಇದ್ದರೂ ಜನ ನಂಬಿ ಮನೆ ಮಾಡುವುದಿಲ್ಲ. ಬೆಂಗಳೂರಿನವರು ಮೊದಲ ರೈಲು ಬಿಡುವ ದಿನವೇ ಇದನ್ನು ಮಾಡಲಿ ಅಂತ ನನ್ನ ಆಸೆ. ಇನ್ನು ಮಾರ್ಗಗಳು ಕೂಡುವ ಸ್ಟೇಷನ್ನಿನಲ್ಲಿ ಒಂದು ರೈಲಿನಿಂದ ಇನ್ನೊಂದಕ್ಕೆ ಹೋಗಲು ರಸ್ತೆ ದಾಟಿಸಬೇಡಿ. ಬೋವಿಸಾದಲ್ಲಿ ಒಂದು ಮೆಟ್ಟಿಲು ಹತ್ತಿ ಇನ್ನೊಂದು ಇಳಿದರೆ ಮುಗಿಯಿತು.

ದಿನಾ ಹೀಗೆ ಹೋಗಿ ಬರುವವರಿಗೆ ಇಟಾಲಿಯನ್ನಿನಲ್ಲಿ 'ಪೆಂದೊಲಾರೆ' ಅನ್ನುತ್ತಾರೆ. ಗಡಿಯಾರದ ಲೋಲಕದಿಂದ ಬಂದ ಮಾತು. ಅತ್ತ ಇತ್ತ, ಅತ್ತ ಇತ್ತ. ನನಗೆ ತುಂಬಾ ಹಿಡಿಸಿತು.

ತುಂಗಾತೀರ · ಅಕ್ಟೋಬರ್ 3

ಎಲ್ಲರಿಗೂ ನಮಸ್ಕಾರ. ಬಂದು ನಾಲ್ಕು ವಾರವಾಯಿತು. ನೊವಾತೆಯಲ್ಲೇ ರೂಮು ಸಿಕ್ಕಿತು, ಇಬ್ಬರು ಹುಡುಗಿಯರ ಜೊತೆ. ಪುಟ್ಟಿಯ ಅಮ್ಮ ಹೇಳಿದ ಹಾಗೆ ಸಾರೊನ್ನೊದಲ್ಲೇ ಇಳಿದು ರೈಲು ಬದಲಿಸಿದೆ. ಸೂಟ್‌ಕೇಸ್ ಇಡಲು ಜಾಗ ಇತ್ತು!

ಮೊನ್ನೆ ಗರಿಬಾಲ್ದಿಯಲ್ಲಿ ಮಾತಾಡುತ್ತಾ ಮಾತಾಡುತ್ತಾ ಬಂದ ರೈಲಿಗೆ ಹತ್ತಿಬಿಟ್ಟೆವು. ಬೋವಿಸಾ ದಾಟಿದ ಮೇಲೆ ಕ್ವಾರ್ತೊ ಒಜ್ಜಾರೊ ಬರಲಿಲ್ಲ, ಅಫ್ಫೋರಿ ಅಂತ ಬಂತು. ಜೊತೆಯವರು ಗಾಬರಿಯಾದರು. ನಾನು ಬೋರ್ಡು ನೋಡಿದೆ: ಎಸ್2. ಸರಿ ಸಂಖ್ಯೆ, ಸೆವೆಸೊ ಕಡೆ. ಅಲ್ಲೇ ಇಳಿದು, ಎದುರಿನಿಂದ ಬಂದ ರೈಲಿನಲ್ಲಿ ಬೋವಿಸಾಗೆ ವಾಪಸ್ ಬಂದು, ಬೆಸ ಸಂಖ್ಯೆಯ ರೈಲಿಗೆ ಕಾದು ಹತ್ತಿದೆವು. ಆ ಇಬ್ಬರೂ ಈಗ ಇಂಟು ಗುರುತನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾರೆ. ಒಬ್ಬಳು ಟರ್ಕಿಯವಳು, ಒಬ್ಬಳು ಇಟಲಿಯವಳೇ, ಬಾರಿಯಿಂದ ಬಂದವಳು. ಅವಳಿಗೂ ಗೊತ್ತಿರಲಿಲ್ಲ ಅಕ್ಕ!

ಇನ್ನೊಂದು ಕೇಳಬೇಕಿತ್ತು. ಬೆಳಿಗ್ಗೆ ಮಂಜು ಬೀಳಲು ಶುರುವಾಗಿದೆ, ಪ್ಲಾಟ್‌ಫಾರಂನಲ್ಲಿ ಕೈ ಮರಗಟ್ಟುತ್ತದೆ. ನೀವೆಲ್ಲ ಎಲ್ಲಿ ನಿಲ್ಲುತ್ತಿದ್ದಿರಿ?

ನೊವಾತೆ ನಿವಾಸಿ · ಅಕ್ಟೋಬರ್ 3

ಬೋವಿಸಾದಲ್ಲಾದರೆ ಮೇಲೆ ಸೇತುವೆಯೊಳಗೇ ನಿಲ್ಲು, ಬೋರ್ಡಿನಲ್ಲಿ ರೈಲು ಹತ್ತಿರ ಬಂತು ಅಂತ ಕಂಡ ಮೇಲೆ ಇಳಿ. ಬೋರ್ಡಿನಲ್ಲಿ 'ಬಿನಾರಿಯೊ' ಅಂತ ಇರುವುದು ಪ್ಲಾಟ್‌ಫಾರಂ ಸಂಖ್ಯೆ, ಅದು ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು, ಹಾಗಾಗಿ ಒಂದು ಕಿವಿ ಘೋಷಣೆಯ ಕಡೆ ಇರಲಿ. ಕೈಗವಸು ಈಗಲೇ ತೆಗೆದುಕೋ, ನವೆಂಬರಿನಲ್ಲಿ ಇನ್ನೂ ಚಳಿ.

ಶುಕ್ರವಾರ ಸಂಜೆ ಆರೂವರೆಗೆ ನಾನು ಬೋವಿಸಾದಲ್ಲಿ ರೈಲು ಬದಲಿಸುತ್ತೇನೆ. ಸೇತುವೆಯ ಮೇಲೆ ಟಿಕೆಟ್ ಯಂತ್ರದ ಹತ್ತಿರ ಸಿಗು. ಅಮ್ಮ ಕಳಿಸಿದ ಸಾರಿನ ಪುಡಿ ಎರಡು ಕೆಜಿ ಇದೆ, ಒಂದು ಖಾಲಿ ಡಬ್ಬಿ ತಾ. ಎಸ್3 ಬಂದರೆ ಒಟ್ಟಿಗೇ ಹೋಗೋಣ.

ಬಣ್ಣದ ಪೆನ್ಸಿಲ್ · ಅಕ್ಟೋಬರ್ 3

ನನಗೂ ಒಂದು ಡಬ್ಬಿ ಅಕ್ಕ. ದೆರ್ಗಾನೊದಿಂದ ನಡೆದೇ ಬರುತ್ತೇನೆ.